ತೋರುಬೆರಳಿಗೆ ತೊಟ್ಟ ನಿಂಬೆಹಣ್ಣು

ಮನೆವೈದ್ಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆ. ಆದ್ದರಿಂದ ಬಲಗೈ ತೋರುಬೆರಳಿನ ತುದಿ ನೋಯತೊಡಗಿದಾಗ ಕೂಡಲೇ ತೀರ್ಪು ಕೊಟ್ಟೆ: ಉಗುರುಸುತ್ತು! ಊತವಿಲ್ಲ, ಕೀವಿಲ್ಲ, ಉಗುರಿನಡಿ ಒಂದು ನೀಲಿ ಚುಕ್ಕೆ ಮಾತ್ರ. ಆದರೆ ತಣ್ಣೀರು ತಾಗಿದರೆ ಜೀವ ಹೋದಂತಾಗುತ್ತಿತ್ತು.

ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಖಾತೆ ನನ್ನದು. ಹೀಗಾಗಿ ಧಾರವಾಡದವಳಾದ ನನ್ನ ಹೆಂಡತಿ ಗಿರಿಜಾ ಈ ನೋವನ್ನು ನಂಬಲೇ ಇಲ್ಲ.

"ಭಾಂಡಿ ತಿಕ್ಕೂ ಮುಂದ ಅಷ್ಟ ನೋಯ್ತದೇನ್ರೀ? ಬಿಸಿ ರೊಟ್ಟಿ ಮುರಿಯೂ ಮುಂದ ನೋಯೂದಿಲ್ಲ?"

ನಿಜಕ್ಕೂ ನೋಯುತ್ತಿರಲಿಲ್ಲ. ಅದೇ ನನ್ನ ದುರದೃಷ್ಟ.

ಅವಳನ್ನು ನಂಬಿಸಲೇಬೇಕೆಂದು ನಮ್ಮ ಮೈಸೂರಿನ ಮನೆಮದ್ದಿಗೆ ಇಳಿದೆ. ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಟೋಪಿಯಂತೆ ತೊಡಿಸುವುದು. ಹಣ್ಣು ಫ್ರಿಜ್‌ನಲ್ಲಿತ್ತು. ತೊಟ್ಟೊಡನೆ ಕಣ್ಣಲ್ಲಿ ನೀರು ಬಂತು. ಮದ್ದು ನಾಟುತ್ತಿದೆ ಎಂದು ಸಂತೋಷಪಟ್ಟೆ! ಹಣ್ಣು ಬೆಚ್ಚಗಾಗಿ ನೋವು ಇಳಿದಾಗ, ಅದರ ಶಕ್ತಿ ಮುಗಿಯಿತೆಂದು ಫ್ರಿಜ್‌ನಿಂದ ಇನ್ನೊಂದನ್ನು ತೆಗೆದು ತೊಟ್ಟೆ.

ಮರುದಿನ ನಿಂಬೆಹಣ್ಣಿನ ಸಮೇತ ಟ್ಯೂಬ್ ರೈಲು ಹತ್ತಿ ಕ್ಯಾನರಿ ವಾರ್ಫ್‌ನ ಆಫೀಸಿಗೆ ಹೋದೆ. ದಾರಿಯಲ್ಲಿ ಯಾರೂ ಏನೂ ಕೇಳಲಿಲ್ಲ, ಲಂಡನ್ನಿನವರು ಸಭ್ಯರು. ನನ್ನ ಪಕ್ಕದ ಸೀಟು ಮಾತ್ರ ಕೊನೆಯವರೆಗೂ ಖಾಲಿಯಿತ್ತು. ಮೀಟಿಂಗಿನಲ್ಲಿ ಪರದೆಯ ಮೇಲಿನ ನಕ್ಷೆಯನ್ನೆಲ್ಲ ನಿಂಬೆಹಣ್ಣಿನಿಂದಲೇ ತೋರಿಸಿ ವಿವರಿಸಿದೆ. ಮುಗಿದ ಮೇಲೆ ಮ್ಯಾನೇಜರ್ ಮೆಲ್ಲಗೆ, ಒಮ್ಮೆ ಬಡಾವಣೆಯ ವೈದ್ಯರಾದ ಜಿಪಿಯನ್ನು ಕಾಣುವುದು ಒಳ್ಳೆಯದು ಎಂದಳು. ಬೆರಳಿಗೋ ತಲೆಗೋ, ಅದನ್ನು ಹೇಳಲಿಲ್ಲ.

ಜಿಪಿ ನನ್ನನ್ನು ತಜ್ಞರ ಬಳಿ ಕಳಿಸಿದರು. ಸಾಕ್ಷಿಗಿರಲಿ ಎಂದು ಗಿರಿಜಾಳನ್ನೂ ಕರೆದೊಯ್ದೆ. ತಜ್ಞರು ಬೆರಳಿಗೆ ಐಸ್ ತುಂಡು ಮುಟ್ಟಿಸಿದರು. ನಾನು ಕುರ್ಚಿಯಿಂದ ಎಗರಿದೆ. ಅವರ ಮುಖ ಅರಳಿತು! ಸ್ಕ್ಯಾನ್ ನೋಡಿ, ಇದು ಗ್ಲೋಮಸ್ ಟ್ಯೂಮರ್ ಎಂದರು. ಟ್ಯೂಮರ್ ಎಂದದ್ದೇ ತಡ, ಗಿರಿಜಾ ನನ್ನ ಎಡಗೈಯನ್ನು ಬಿಗಿಯಾಗಿ ಹಿಡಿದಳು. ಕ್ಯಾನ್ಸರ್ ಅಲ್ಲ, ಅಪರೂಪದ ಸಾಧು ಗಂಟು, ಸಾಸಿವೆ ಕಾಳಿನಷ್ಟು, ತೆಗೆದರೆ ಮುಗಿಯಿತು ಎಂದು ಅವರು ಹೇಳಿದ ಮೇಲೆಯೇ ನಾವಿಬ್ಬರೂ ಉಸಿರು ಬಿಟ್ಟಿದ್ದು.

"ನಾ ಸುಳ್ಳ ಅನ್ಕೊಂಡಿದ್ದೆ ರೀ," ಎಂದು ಗಿರಿಜಾ ಕಣ್ಣೊರೆಸಿಕೊಂಡಳು.

ನನಗೆ ಸ್ವರ್ಗಕ್ಕೆ ಮೂರೇ ಗೇಣು. ತಣ್ಣೀರು ಎಷ್ಟು ನೋಯಿಸುತ್ತದೆಂದು ಇವಳಿಗೆ ಇನ್ನೊಮ್ಮೆ ಹೇಳಿ ಎಂದು ತಜ್ಞರನ್ನು ಬೇಡಿಕೊಂಡೆ. ಹೇಳಿದರು. ಗಿರಿಜಾ ಕೇಳಿದ್ದು ಒಂದೇ ಪ್ರಶ್ನೆ: ಆಪರೇಷನ್ ಆದ ಮೇಲೆ? ಪಾತ್ರೆ ಧಾರಾಳವಾಗಿ ತೊಳೆಯಬಹುದು ಎಂದರು ಆ ಪುಣ್ಯಾತ್ಮರು.

ಗಾಯ ಮಾಗಿತು. ಹಬ್ಬ ಬಂತು. ಗಿರಿಜಾ ಹಿತ್ತಾಳೆ ದೀಪಗಳನ್ನೆಲ್ಲ ಸಿಂಕಿನಲ್ಲಿಟ್ಟು, ಫ್ರಿಜ್ ತೆಗೆದು, ನಿಂಬೆಹೋಳೊಂದನ್ನು ನನ್ನ ಕೈಗೆ ಕೊಟ್ಟಳು.

"ಬೆರಳಿಗೆ ಬ್ಯಾಡ. ಈ ದೀಪಕ್ಕ ತಿಕ್ರಿ."

ಹೋಳು ಕೊರೆಯುವಷ್ಟು ತಣ್ಣಗಿತ್ತು. ಬೆರಳನ್ನು ಅದಕ್ಕೆ ಒತ್ತಿ ಒತ್ತಿ ನೋಡಿದೆ. ಏನು ಮಾಡಿದರೂ ನೋಯಲಿಲ್ಲ!