ಹುಲಿಯಪ್ಪ ಫೀಸು ಕಟ್ಟಿದ್ದು

ಹರಿಹರದ ಬಸ್ ಕಂಡಕ್ಟರ್ ಹುಲಿಯಪ್ಪ ಆ ದಿನ ರಜೆ ಹಾಕಿ, ಪ್ರಯಾಣಿಕನಾಗಿ ದಾವಣಗೆರೆ ಬಸ್ಸು ಹತ್ತಿದ. ಮಗಳು ಚೈತ್ರಾಳಿಗೆ ಐರ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಎಂಎಸ್ಸಿ ಸೀಟು ಸಿಕ್ಕಿತ್ತು. ಫೀಸು ಕಟ್ಟಲು ಅದೇ ಕೊನೆಯ ದಿನ. ಅದರ ರಸೀದಿ ಇಲ್ಲದೆ ವೀಸಾ ಅರ್ಜಿಯೂ ಮುಂದೆ ಹೋಗುವಂತಿರಲಿಲ್ಲ. ಸೀಟಿನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರೆ ಎಲ್ಲ ಸಲೀಸಾಗುತ್ತಿತ್ತು. ಆದರೆ ಪಕ್ಕದವನು ಕೇಳದಿದ್ದರೂ ಹುಲಿಯಪ್ಪ ಅದನ್ನು ಬಿಚ್ಚಿ ತೋರಿಸಿದ.

ಪತ್ರ ಪ್ರಸಾದದ ತಟ್ಟೆಯಂತೆ ಸೀಟಿನಿಂದ ಸೀಟಿಗೆ ಸಾಗಿತು. ದಾರಿಯ ಬಾತಿ ಊರು ದಾಟಿದ ಮೇಲೆ ನೋಡಿದರೆ ಪತ್ರವೇ ಇಲ್ಲ.

“ನಿರ್ಮಲಮ್ಮ ಬಾತಿಯಾಗೆ ಇಳಕೊಂಡ್ರಲ್ಲ, ಅವರ ಕೈಯಾಗಿತ್ತು,” ಎಂದರು ಯಾರೋ.

ಹುಲಿಯಪ್ಪ ಇಳಿದು ಬಾತಿಗೆ ವಾಪಸ್ ಓಡಿದ. ದಿನಾ ಅವನ ಬಸ್ಸಿಗೇ ಬರುವ ನಿರ್ಮಲಮ್ಮ, ಮನೆ ಕಟ್ಟೆಯ ಮೇಲೆ ಮೊಮ್ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಪತ್ರ ತೋರಿಸುತ್ತಿದ್ದರು.

“ನೋಡೋ, ಓದಿದ್ರೆ ಹಿಂಗ್ ಓದ್ಬೇಕು. ಬರ್ರಿ ಹುಲಿಯಪ್ಪ, ಕೂಡ್ರಿ. ನಿಮ್ಮ ಮಗಳು ಹೆಂಗೆ ಓದಿದ್ಲು, ಇವನಿಗೆ ಸ್ವಲ್ಪ ಹೇಳ್ರಿ.”

“ಬ್ಯಾಂಕಿಗೆ ಹೊತ್ತಾಗೈತ್ರಿ,” ಎನ್ನುತ್ತಲೇ ಹುಲಿಯಪ್ಪ ಕೂತ. ಅಂಗನವಾಡಿಯಿಂದ ಶುರುಮಾಡಿದ ಮಗಳ ಓದು ಡಿಗ್ರಿಗೆ ಬರುವಷ್ಟರಲ್ಲಿ ಎರಡು ಚಹಾ, ಒಂದು ತಟ್ಟೆ ಮಂಡಕ್ಕಿ ಮುಗಿದವು.

ದಾವಣಗೆರೆ ತಲುಪುವಷ್ಟರಲ್ಲಿ ಬ್ಯಾಂಕಿನ ಶಟರ್ ಅರ್ಧ ಇಳಿದಿತ್ತು. ಹುಲಿಯಪ್ಪ ಬೆಕ್ಕಿನಂತೆ ಅದರಡಿ ನುಸುಳಿದ. ಮನೆಗೆ ಹೊರಡಲು ಬ್ಯಾಗು ಹೆಗಲಿಗೇರಿಸಿದ್ದ ಕೌಂಟರಿನ ಸಬಾ ಮೇಡಂ ಪತ್ರ ನೋಡಿ ಮತ್ತೆ ಕುರ್ಚಿಯಲ್ಲಿ ಕೂತರು.

“ದುಡ್ಡು ಕಳಿಸಾಕೆ ಇನ್ನು ಹದಿನೈದೇ ನಿಮಿಷ ಐತೆ. ಫಾರಂ ಬೇಗ ತುಂಬ್ರಿ, ಹಂಗೇ ಟೈಪ್ ಮಾಡ್ತೀನಿ.”

ಅಷ್ಟರಲ್ಲಿ ಇಡೀ ಬ್ಯಾಂಕು ಸುತ್ತ ನೆರೆಯಿತು. “ಯಾವ ಕೋರ್ಸ್ ರೀ?” “ನಿಮ್ಮನೇಲಿ ಹೊರದೇಶಕ್ಕೆ ಇವಳೇ ಮೊದಲೇನ್ರಿ?” ಒಬ್ಬೊಬ್ಬರಿಗೂ ಎದೆಯುಬ್ಬಿಸಿ ಉತ್ತರಿಸುತ್ತಲೇ ಹುಲಿಯಪ್ಪ ಫಾರಂ ತುಂಬಿದ. ದುಡ್ಡು ಸಮಯಕ್ಕೆ ಸರಿಯಾಗಿ ಹೋಯಿತು.

ಸಂಜೆ ಮನೆ ತುಂಬ ನೆರೆಹೊರೆಯವರು. ಹೆಂಡತಿ ಅಂಜಿನವ್ವ ಪೇಡೆ ಹಂಚುತ್ತಿದ್ದಳು. ಚೈತ್ರಾಳ ಮೊಬೈಲ್ ಟಿಣ್ ಎಂದಿತು.

“ಅಪ್ಪಾ, ಯೂನಿವರ್ಸಿಟಿಯಿಂದ ಮೇಲ್ ಬಂದೈತೆ.”

“ಜೋರಾಗಿ ಓದವ್ವ, ಎಲ್ಲರಿಗೂ ಕೇಳ್ಲಿ.”

ಚೈತ್ರಾ ಕನ್ನಡಕ್ಕೆ ತಿರುಗಿಸಿ ಓದಿದಳು. “‘ಪ್ರಿಯ ಹುಲಿಯಪ್ಪ, ನಿಮ್ಮ ಫೀಸು ತಲುಪಿದೆ. ನಮ್ಮ ಎಂಎಸ್ಸಿ ತರಗತಿಗೆ ನಿಮಗೆ ಹಾರ್ದಿಕ ಸ್ವಾಗತ.’ ಅಪ್ಪಾ, ವಿದ್ಯಾರ್ಥಿ ಹೆಸರಿನ ಜಾಗದಾಗೆ ನಿನ್ನ ಹೆಸರು ಬರೆದೀಯಲ್ಲ.”

ಪೇಡೆ ಬಾಯಲ್ಲಿಟ್ಟವರು ಹಾಗೇ ಕೂತರು.

“ಈಗೇನು ಮಾಡೋದು?” ಎಂದಳು ಅಂಜಿನವ್ವ.

“ತಿದ್ದಿಸಬಹುದು. ನಾಳೆ ಮತ್ತೆ ಬ್ಯಾಂಕಿಗೆ ಹೋಗ್ಬೇಕು. ಅಲ್ಲೀತನಕ ವೀಸಾ ಅರ್ಜಿ ಹಾಕಂಗಿಲ್ಲ.”

ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತರೂ ಪಾಸಾಗದ ಹುಲಿಯಪ್ಪ ಕೈಯಲ್ಲಿದ್ದ ಪೇಡೆಯನ್ನು ತಟ್ಟೆಗೆ ವಾಪಸ್ ಇಟ್ಟ. ಆಮೇಲೆ ಮಗಳ ಹತ್ತಿರ ಸರಿದು ಮೆಲ್ಲಗೆ ಹೇಳಿದ:

“ಅದನ್ನ ಇನ್ನೊಂದ್ ಸಲ ಓದವ್ವ.”