ಬೆರಳಾಡಿಸುವ ವೈಪರ್

ಮಾವನವರು ತೀರಿಕೊಂಡು ವರ್ಷವಾಯಿತು. ಆದರೂ ಅವರ ಕಾರು ಇನ್ನೂ ನನ್ನದಾಗಿಲ್ಲ. ಪೆಟ್ರೋಲ್ ಹಾಕಿಸುವವನು ನಾನು, ತೊಳೆಯುವವನು ನಾನು, ಹಿಂದಿನಿಂದ ಯಾರಾದರೂ ಗುದ್ದಿದರೆ ನಡುರಸ್ತೆಯಲ್ಲಿ ನಿಂತು ಜಗಳವಾಡುವವನೂ ನಾನೇ. ಮನೆಯಲ್ಲಿ ಮಾತ್ರ ಅದು ಇಂದಿಗೂ ‘ಅಪ್ಪನ ಕಾರು’. (ಅತ್ತೆಯವರ ಬಾಯಲ್ಲಿ ‘ಅವರ ಕಾರು’. ಆ ‘ಅವರ’ಲ್ಲಿ ನಾನು ಸೇರಿಲ್ಲ.)

ಮೊನ್ನೆ ಅತ್ತೆಯವರನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆವು. ಅವರ ಕಣ್ಣಿನ ಪೊರೆ ಎಷ್ಟು ಬಲಿತಿತ್ತೆಂದರೆ, ಗೋಡೆಗೆ ನೇತುಹಾಕಿದ ನನ್ನ ರೇನ್‌ಕೋಟನ್ನು ಮಾತಾಡಿಸಿ, ಅಳಿಯ ಉತ್ತರವನ್ನೇ ಕೊಡುವುದಿಲ್ಲವೆಂದು ಮಗಳ ಹತ್ತಿರ ದೂರು ಹೇಳುತ್ತಿದ್ದರು. ಆದರೂ ಆಪರೇಷನ್ ಎಂದರೆ ಒಂದೇ ಹಟ, ಬೇಡ. ಇನ್ನು ತಡಮಾಡಿದರೆ ಇರುವ ದೃಷ್ಟಿಯೂ ಉಳಿಯುವುದಿಲ್ಲ ಎಂದು ಡಾಕ್ಟರು ಗದರಿ, ನಾವಿಬ್ಬರೂ ಗೋಗರೆದ ಮೇಲೆ ಅಂತೂ ಇಂತೂ ಒಪ್ಪಿದರು. ಮರುದಿನ ಬೆಳಿಗ್ಗೆಯೇ ಬನ್ನಿ ಎಂದರು ಡಾಕ್ಟರು.

ವಾಪಸು ಬರುವಾಗ ಧೋ ಎಂದು ಮಳೆ. ಅರ್ಧ ದಾರಿಯಲ್ಲಿ ವೈಪರ್‌ಗಳು ಕೈಕೊಟ್ಟವು. ನಾನು ಕಿಟಕಿಯಿಂದ ತಲೆ ಹೊರಹಾಕಿ, ಆಮೆಯಂತೆ ಓಡಿಸಿಕೊಂಡು ಮನೆ ಸೇರಿದೆ.

“ಮೆಕ್ಯಾನಿಕ್‌ಗೆ ಫೋನ್ ಮಾಡಿ,” ಎಂದಳು ಹೆಂಡತಿ.

“ಇಷ್ಟಕ್ಕೆಲ್ಲ ಮೆಕ್ಯಾನಿಕ್ಕಾ? ನಾನಿಲ್ವಾ?”

“ನೀವಿದ್ದೀರಲ್ಲ, ಅದಕ್ಕೇ ಹೇಳ್ತಿರೋದು.”

ಇಂಥ ಮಾತು ಕೇಳಿಯೂ ಸುಮ್ಮನಿರಲು ನಾನೇನು ರೇನ್‌ಕೋಟೇ? ಶೆಡ್ಡಿನಲ್ಲಿ ಬಾನೆಟ್ ಎತ್ತಿ ರೋಗನಿದಾನಕ್ಕೆ ಇಳಿದೆ. ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದರೆ ಸರಿಯಾಗಿಯೇ ಇತ್ತು. ವೈಪರಿನ ನಟ್ಟುಗಳು ಬಿಗಿಯಾಗಿದ್ದವು. ಉಳಿದದ್ದು ಮೋಟರು. ಒಂದು ತುಂಡು ವೈರಿನಲ್ಲಿ ಬ್ಯಾಟರಿಯಿಂದ ನೇರವಾಗಿ ಮೋಟರಿಗೆ ಕರೆಂಟು ಕೊಟ್ಟೆ. ವೈಪರ್‌ಗಳು ಸರಕ್ಕನೆ ಎದ್ದು ಮಲಗಿದವು! ಅಂದಮೇಲೆ ಮೋಟರಿಗೆ ಏನೂ ಆಗಿಲ್ಲ, ಕೆಟ್ಟಿರುವುದು ಸ್ವಿಚ್ಚು. ಈ ಮಹಾಸಂಶೋಧನೆಯನ್ನು ಲೋಕಕ್ಕೆ ಸಾರಲು ಅಡುಗೆಮನೆಗೆ ಓಡಿದೆ.

ಚಹಾದ ಲೋಟ ಬಾಯಿಗಿಟ್ಟಿದ್ದೆ, ಅಷ್ಟರಲ್ಲಿ ಶೆಡ್ಡಿನ ಕಡೆಯಿಂದ ಸದ್ದು ಬಂತು. ಕರ್ರ್... ಕರ್ರ್... ಅರೆಬರೆ ಒಣಗಿದ ಗಾಜಿನ ಮೇಲೆ ರಬ್ಬರು ಎಳೆಯುವ ಸದ್ದು. ಕಾರಿನ ಕೀ ನನ್ನ ಕಣ್ಣೆದುರೇ ಮೊಳೆಯಲ್ಲಿ ನೇತಾಡುತ್ತಿತ್ತು.

ಮೂವರೂ ಹೋಗಿ ನೋಡಿದೆವು. ಮೋಡ ಕವಿದು ಶೆಡ್ಡಿನೊಳಗೆ ಮಬ್ಬುಗತ್ತಲೆ. ಕಾರಿನೊಳಗೆ ಯಾರೂ ಇಲ್ಲ. ವೈಪರ್‌ಗಳು ನಿಧಾನವಾಗಿ ಎಡಕ್ಕೆ ಹೋದವು, ಬಲಕ್ಕೆ ಬಂದವು, ಯೋಚಿಸುವವರ ಹಾಗೆ ಸ್ವಲ್ಪ ತಡೆದು ಮತ್ತೆ ಎಡಕ್ಕೆ ಹೋದವು.

“ಅವರೇ!” ಎಂದರು ಅತ್ತೆ. ರೇನ್‌ಕೋಟು ಯಾವುದು ಅಳಿಯ ಯಾವುದು ಎಂದು ತಿಳಿಯದ ಕಣ್ಣಿಗೆ ಅದು ಮಾತ್ರ ಸ್ಪಷ್ಟವಾಗಿ ಕಂಡಿತ್ತು. “ಬೇಡ ಅನ್ನೋದಾದ್ರೆ ಹೀಗೇ ತಾನೆ ಬೆರಳಾಡಿಸ್ತಿದ್ದದ್ದು?”

ಮಾತು ನಿಜ. ಮಾವನವರು ಬಾಯಿಬಿಟ್ಟು ಬೇಡ ಎಂದವರಲ್ಲ. ತೋರುಬೆರಳು ಎತ್ತಿ ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದರು. (ನಾನು ಹೆಣ್ಣು ಕೇಳಲು ಹೋದಾಗ ಆ ಬೆರಳು ಬಹಳ ಹೊತ್ತು ಆಡಿತ್ತು.)

“ರೀ,” ಎಂದು ಅತ್ತೆ ಗಾಜಿನ ಹತ್ತಿರ ಬಗ್ಗಿದರು, “ನಾಳೆ ಆಪರೇಷನ್ ಮಾಡಿಸ್ಕೊಳ್ಳಲಾ?”

ಕರ್ರ್... ಕರ್ರ್...

“ಬೇಡವಂತೆ.” ಅತ್ತೆ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು.

ಹೆಂಡತಿಯ ಕಣ್ಣು ತುಂಬಿತು. “ಎಷ್ಟು ಕಷ್ಟಪಟ್ಟು ಒಪ್ಪಿಸಿದ್ವಿ! ಅಮ್ಮನ ಕಣ್ಣು ಹೋದ್ರೆ ಏನ್ರೀ ಮಾಡೋದು?” ನಾನು ಧೈರ್ಯಮಾಡಿ ಬಾನೆಟ್ಟಿನೊಳಗೆ ಇಣುಕಿದೆ. ನೋಡಿದರೆ ನನ್ನದೇ ವೈರು! ಒಂದು ತುದಿ ಮೋಟರಿಗೆ ಸಿಕ್ಕಿಕೊಂಡಿತ್ತು, ಇನ್ನೊಂದು ತುದಿ ಗಾಳಿಗೆ ಅಲ್ಲಾಡಿ ಬ್ಯಾಟರಿಗೆ ತಗುಲಿ ತಗುಲಿ ಬಿಡುತ್ತಿತ್ತು. ಹೋದ ಜೀವ ಬಂತು. ವೈರನ್ನು ಕಿತ್ತು ಜೇಬಿಗೆ ಹಾಕಿದೆ. ಇರಲಿ ಎಂದು ಬ್ಯಾಟರಿಯ ಕೇಬಲನ್ನೂ ಬಿಚ್ಚಿದೆ.

ಅತ್ತೆಯವರಿಗೆ ಎಲ್ಲ ವಿವರಿಸಿದೆ. “ವೈರು ನೀವು ಬಿಟ್ಟಿರಬಹುದು. ಆಡಿಸಿದ್ದು ಅವರು,” ಎಂದರು.

“ಹಾಗಾದ್ರೆ ಇನ್ನೊಂದ್ಸಲ ಕೇಳಿ ನೋಡಿ ಅತ್ತೆ.”

ಬಂದು ಕೇಳಿದರು. ಸದ್ದಿಲ್ಲ. ತಗಡಿನ ಮಾಡಿನಿಂದ ಒಂದೊಂದೇ ಹನಿ ಬೀಳುವುದು ಕೇಳಿಸುತ್ತಿತ್ತು. ವೈಪರ್ ಮಿಸುಕಲಿಲ್ಲ.

“ಒಪ್ಪಿದ್ರು,” ಎಂದು ಅತ್ತೆ ನಿಟ್ಟುಸಿರುಬಿಟ್ಟರು. “ಒಪ್ಪದಿದ್ರೆ ಸುಮ್ಮನಿರೋ ಮನುಷ್ಯ ಅಲ್ಲ. ನಾಳೆ ಹೋಗೋಣ.”

ಹೆಂಡತಿ ಅಮ್ಮನನ್ನು ತಬ್ಬಿಕೊಂಡಳು. ನಾನು ಎದೆ ಸೆಟೆಸಿ, “ನೋಡಿದ್ಯಾ? ಇನ್ನು ಆ ಸ್ವಿಚ್ಚೊಂದು ಬಿಚ್ಚಿ ಸರಿಮಾಡಿದ್ರೆ ಮುಗೀತು,” ಎಂದೆ.

ಅವಳು ನನ್ನನ್ನು ನೋಡಿದಳು. ಆಮೇಲೆ ಗಾಜಿನ ಕಡೆ ತಿರುಗಿ, ತಮಾಷೆಗೋ ಏನೋ, “ಅಪ್ಪಾ, ಇವರು ಬಿಚ್ಚಬಹುದಾ?” ಎಂದು ಕೇಳಿದಳು.

ವೈರು ನನ್ನ ಜೇಬಿನಲ್ಲಿತ್ತು. ಬ್ಯಾಟರಿಯಿಂದ ಬಿಚ್ಚಿದ ಕೇಬಲ್ ಜೋತುಬಿದ್ದೇ ಇತ್ತು.

ಕರ್ರ್. ಎಡಕ್ಕೆ. ಕರ್ರ್. ಬಲಕ್ಕೆ. ಮತ್ತೆ ಎಡಕ್ಕೆ.

ಬದುಕಿದ್ದಾಗಲೇ ಅವರಿಗೆ ಎದುರಾಡದವನು ಈಗ ಆಡುತ್ತೇನೆಯೇ?

“ಆಯ್ತು ಮಾವ,” ಎಂದೆ, “ಮೆಕ್ಯಾನಿಕ್ಕನ್ನೇ ಕರೆಸ್ತೀನಿ.”

ವೈಪರ್ ಮೆಲ್ಲಗೆ ಗಾಜಿನ ಬುಡಕ್ಕೆ ಹೋಗಿ ಮಲಗಿತು.