ಸುಸ್ವಾಗತ, ದಯವಿಟ್ಟು ಲಾಗಿನ್ ಆಗಿ

"ಮಾರ್ಚ್ ಹದಿನಾಲ್ಕು, ಗುರುವಾರ. ನಿವೃತ್ತರ ಆರೋಗ್ಯ ಕಚೇರಿಯ ಹೊಸ ಜಾಲತಾಣ ಇಂದು ಉದ್ಘಾಟನೆಯಾಯಿತು. ಇನ್ನು ಮುಂದೆ ಯಾರೂ ಕಚೇರಿಗೆ ಅಲೆಯಬೇಕಾಗಿಲ್ಲ." ನನ್ನ ಹಳೆಯ ದಿನಚರಿಯಲ್ಲಿ ಹೀಗಿದೆ. ನಾನು ಪದವೀಧರೆ. ಉದ್ಘಾಟನೆಯಂಥ ಸಭೆಯಲ್ಲಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುವುದು ನನ್ನ ಅಭ್ಯಾಸ.

ನನ್ನ ತಂಗಿ ನಿವೃತ್ತ ನರ್ಸ್. ಅವಳ ಎಡಗಣ್ಣಿನೊಳಗೆ ಒತ್ತಡ ಏರುತ್ತಿತ್ತು. ಬೇಗ ಶಸ್ತ್ರಚಿಕಿತ್ಸೆ ಆಗದಿದ್ದರೆ ದೃಷ್ಟಿ ಹೋಗುತ್ತದೆ ಎಂದು ವೈದ್ಯರು ಹೇಳಿದ್ದರು. ಸ್ವಂತ ಖರ್ಚಿನಲ್ಲಿ ಮಾಡಿಸುವ ಶಕ್ತಿ ನಮಗಿರಲಿಲ್ಲ. ಕಚೇರಿಯ ಒಪ್ಪಿಗೆ ಬೇಕು, ಆ ಒಪ್ಪಿಗೆಯನ್ನು ಜಾಲತಾಣದಲ್ಲೇ ಕೇಳಬೇಕು.

ತಂಗಿ ಹೆಸರು, ಪಾಸ್‌ವರ್ಡ್ ಹಾಕಿದಳು. "ಸುಸ್ವಾಗತ" ಎಂದು ಬಂತು. ಅರ್ಜಿಯ ಪುಟ ಒತ್ತಿದಳು. "ದಯವಿಟ್ಟು ಲಾಗಿನ್ ಆಗಿ" ಎಂದು ಬಂತು. ಮತ್ತೆ ಹಾಕಿದಳು. ಮತ್ತೆ ಸುಸ್ವಾಗತ, ಮತ್ತೆ ಹೊರಗೆ.

"ಅಕ್ಕಾ, ಇದು ಥೇಟ್ ಬೀಗರ ಮನೆ ಉಪಚಾರ. ಬನ್ನಿ ಬನ್ನಿ ಅಂತಾರೆ, ಕುರ್ಚಿ ಮಾತ್ರ ಹಾಕಲ್ಲ," ಎಂದಳು.

ಈ ಜಾಲತಾಣದ ದೋಷಗಳನ್ನು ನೋಡಿಕೊಳ್ಳಲು ಕಚೇರಿ ಗುತ್ತಿಗೆಯ ಮೇಲೆ ನೇಮಿಸಿಕೊಂಡಿದ್ದು ನನ್ನ ಸೊಸೆಯನ್ನೇ. ಅವಳು ಕೋಡ್ ತೆರೆದು ನೋಡಿದಳು.

"ಅತ್ತೆ, ಲಾಗಿನ್ ಸರಿಯಾಗೇ ಆಗ್ತಿದೆ. ಬಾಗಿಲಲ್ಲಿ 'ಇವರು ಇಂಥವರು' ಅಂತ ಒಂದು ಚೀಟಿ ಕೊಡುತ್ತೆ. ಒಳಗಿನ ಪುಟ ಆ ಚೀಟೀನ ಬೇರೆ ಹೆಸರಲ್ಲಿ ಹುಡುಕುತ್ತೆ. ಸಿಗದೆ ವಾಪಸ್ ಕಳಿಸುತ್ತೆ. ಒಂದು ಸಾಲು ತಿದ್ದಿದ್ರೆ ಮುಗೀತು."

"ತಿದ್ದು ಮತ್ತೆ, ನನ್ನ ಮುಖ ಏನು ನೋಡ್ತೀಯ?"

"ಸಾಹೇಬ್ರ ಒಪ್ಪಿಗೆ ಇಲ್ದೆ ಮುಟ್ಟೋ ಹಾಗಿಲ್ಲ."

ನಾನೂ ಜೊತೆಗೆ ಹೋದೆ. ಸಾಹೇಬರು ಎಂದರೆ ಆ ಕಚೇರಿಯ ಮುಖ್ಯಾಧಿಕಾರಿ. ಬಹಳ ಸಜ್ಜನರು.

"ದೋಷ ಎಲ್ಲಿದೆಯಮ್ಮಾ? ನಮ್ಮಲ್ಲಿ ಮೂರನೇ ಕೌಂಟರಿನವರು ಐದಕ್ಕೆ ಕಳಿಸ್ತಾರೆ, ಐದರವರು ಮೂರಕ್ಕೆ ಕಳಿಸ್ತಾರೆ. ಜಾಲತಾಣ ಪರೀಕ್ಷಿಸೋ ಸಮಿತಿ ನೋಡಿ, ಕಚೇರಿಯ ಪದ್ಧತಿ ಚಾಚೂ ತಪ್ಪದೆ ಬಂದಿದೆ ಅಂತ ಬರೆದುಕೊಟ್ಟಿದೆ."

"ನನ್ನ ತಂಗಿ ಕಣ್ಣು ಹೋಗ್ತಿದೆ ಸಾರ್."

"ಅಯ್ಯೋ ಪಾಪ! ತಿದ್ದಲಿ ಬಿಡಿ, ನನ್ನದೇನೂ ಅಡ್ಡಿ ಇಲ್ಲ. ತಿದ್ದೋಕೆ ಒಪ್ಪಿಗೆಯ ಕೋರಿಕೆ ಮಾತ್ರ ಜಾಲತಾಣದಲ್ಲೇ ಸಲ್ಲಿಸಬೇಕು. ಕಾಗದ ತಗೊಳ್ಳೋದು ನಿಲ್ಲಿಸಿದ್ದೀವಿ."

ಸೊಸೆ ಅಲ್ಲೇ ಕುಳಿತು ಲಾಗಿನ್ ಆದಳು. ಸುಸ್ವಾಗತ. ಕೋರಿಕೆಯ ಪುಟ ಒತ್ತಿದಳು. ದಯವಿಟ್ಟು ಲಾಗಿನ್ ಆಗಿ.

"ನೋಡಿದ್ರಾ? ಸಿಬ್ಬಂದಿಗೂ ಅದೇ ನಿಯಮ. ತಾರತಮ್ಯ ಇಲ್ಲ," ಎಂದು ಸಾಹೇಬರು ಸಂತೋಷಪಟ್ಟರು.

ಮುಂದೆ ಒಂದು ಸುತ್ತೋಲೆ ಬಂತು: "ಸುಸ್ವಾಗತ ಎಂಬ ಸಂದೇಶ ಪಡೆದವರನ್ನು ಒಳಗೆ ಬಂದವರೆಂದೇ ಪರಿಗಣಿಸತಕ್ಕದ್ದು. ಒಳಗೆ ಬಂದೂ ಅರ್ಜಿ ಸಲ್ಲಿಸದವರಿಗೆ ಚಿಕಿತ್ಸೆಯ ಅಗತ್ಯವಿಲ್ಲವೆಂದು ತಿಳಿಯತಕ್ಕದ್ದು."

ಇದರಿಂದ ಕಚೇರಿಯಲ್ಲಿ ಬಾಕಿ ಅರ್ಜಿ ಒಂದೂ ಉಳಿಯಲಿಲ್ಲ. ಜನ ದಿನವಿಡೀ ಲಾಗಿನ್ ಆಗುತ್ತಲೇ ಇದ್ದುದರಿಂದ ಅತ್ಯಂತ ಜನಪ್ರಿಯ ಜಾಲತಾಣವೆಂಬ ಪ್ರಶಸ್ತಿ ಬಂತು. ಚಿಕಿತ್ಸೆಗೆಂದು ಇಟ್ಟಿದ್ದ ಹಣ ಉಳಿತಾಯವಾಗಿ, ಪ್ರಶಸ್ತಿ ತರಲು ಹೋಗುವುದಕ್ಕೆ ಸಾಹೇಬರಿಗೆ ಕಾರೂ ಬಂತು.

ಸೊಸೆಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಆ ಸಾಲನ್ನು ತಿದ್ದಿಯೇ ಬಿಟ್ಟಳು. ಜನ ಒಂದೇ ಸಲಕ್ಕೆ ಒಳಗೆ ಹೋದರು. ಲಾಗಿನ್ನುಗಳ ಸಂಖ್ಯೆ ದೊಪ್ಪನೆ ಬಿತ್ತು, ಅರ್ಜಿಗಳು ಬಂದು ಸುರಿದವು. ಜಾಲತಾಣ ಕೆಟ್ಟಿದೆ ಎಂದು ಸಾಹೇಬರು ಘೋಷಿಸಿ, ಹಳೆಯ ಸಾಲನ್ನು ಅವಳ ಕೈಯಿಂದಲೇ ವಾಪಸ್ ಹಾಕಿಸಿದರು. ಕೆಟ್ಟಿದ್ದ ಅವಧಿಯಲ್ಲಿ ಬಂದ ಅರ್ಜಿಗಳೆಲ್ಲ ರದ್ದಾದವು. ತಂಗಿಯದೂ ಅದರಲ್ಲೇ ಇತ್ತು. ದುರಸ್ತಿ ಚುರುಕಾಗಿ ಮುಗಿಸಿದ್ದಕ್ಕೆ ಸೊಸೆಯ ಗುತ್ತಿಗೆಯನ್ನು ಮುಂದುವರಿಸಿದರು.

ಅವಳು ಮನೆಗೆ ಬಂದು ಅತ್ತಳು.

"ಅಳಬೇಡ್ವೇ," ಎಂದಳು ತಂಗಿ. "ಕೆಲಸ ಉಳೀತಲ್ಲ, ಅಷ್ಟು ಸಾಕು. ನಿಮ್ಮತ್ತೆ ಮುಖ ನೋಡೋಕೆ ಒಂದು ಕಣ್ಣೇ ಹೆಚ್ಚು."

ಈಗ ನಾವೂ ಹೊಂದಿಕೊಂಡಿದ್ದೇವೆ. ಬೆಳಗ್ಗೆ ಕಾಫಿ ಆದ ಮೇಲೆ ಅಕ್ಕತಂಗಿಯರಿಬ್ಬರೂ ಒಮ್ಮೆ ಲಾಗಿನ್ ಆಗುತ್ತೇವೆ. ಸುಸ್ವಾಗತ ಎಂದು ಬರುತ್ತದೆ, ಅಷ್ಟಕ್ಕೇ ನಿಲ್ಲಿಸುತ್ತೇವೆ.

ಸಾಲನ್ನು ತಿದ್ದಲು ಏನೂ ಖರ್ಚಾಗಲಿಲ್ಲ, ವಾಪಸ್ ಹಾಕಲೂ ಇಲ್ಲ. ಖರ್ಚಾದದ್ದು ತಂಗಿಯ ಎಡಗಣ್ಣು ಮಾತ್ರ. ಬಲಗಣ್ಣಿನಲ್ಲೂ ಒತ್ತಡ ಶುರುವಾಗಿದೆ ಎಂದು ವೈದ್ಯರು ಮೊನ್ನೆ ಹೇಳಿದರು. ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.